ಇಷ್ಟದ್ದನ್ನು ಉಳಿಸಿಕೊಂಡೇ ಮನೆಯ ಹೊರೆ ಇಳಿಸುವುದು ಹೇಗೆ: ಅಡುಗೆಮನೆಯಿಂದ ಅಟ್ಟದವರೆಗೆ ಸಮಗ್ರ ಮಾರ್ಗದರ್ಶಿ

ಮನೆಯ ಹೊರೆ ಇಳಿಸಲು ಹೊರಟವರಲ್ಲಿ ಬಹಳಷ್ಟು ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಭಾನುವಾರ ಬೆಳಿಗ್ಗೆ ಅಟ್ಟದ ಮೇಲಿರುವುದನ್ನೆಲ್ಲ ಇಳಿಸುತ್ತಾರೆ, ಬೀರುವಿನ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿಯುತ್ತಾರೆ. ಮಧ್ಯಾಹ್ನ ಹಳೆಯ ಆಲ್ಬಮ್ ಕೈಗೆ ಸಿಗುತ್ತದೆ. ಸಂಜೆ ಮಲಗಲು ಜಾಗ ಬೇಕಲ್ಲ ಎಂದು ಎಲ್ಲವನ್ನೂ ಮತ್ತೆ ಒಳಗೆ ತುರುಕುತ್ತಾರೆ. ಇನ್ನು ಕೆಲವರು ಆವೇಶದಲ್ಲಿ ಎಲ್ಲವನ್ನೂ ಗುಜರಿಗೆ ಹಾಕಿ, ಅಜ್ಜಿಯ ಹಿತ್ತಾಳೆ ಕಾಫಿ ಫಿಲ್ಟರನ್ನು ನೆನೆದು ವರ್ಷಗಟ್ಟಲೆ ಪೇಚಾಡುತ್ತಾರೆ.

ಎರಡು ಸೋಲಿಗೂ ಕಾರಣ ಕೆಲಸದ ಅನುಕ್ರಮ. ಬೇಡವಾದದ್ದನ್ನು ಹುಡುಕುವುದರಿಂದ ಶುರು ಮಾಡಿದರೆ ಪ್ರತಿ ವಸ್ತುವೂ ‘ಇರಲಿ, ಮುಂದೆ ಬೇಕಾಗಬಹುದು’ ಎಂದು ವಾದಕ್ಕೆ ನಿಲ್ಲುತ್ತದೆ. ಆದ್ದರಿಂದ ಬೇಕಾದದ್ದನ್ನು ಮೊದಲು ಎತ್ತಿಟ್ಟು ಅದಕ್ಕೊಂದು ಒಳ್ಳೆಯ ಜಾಗ ಕೊಡಿ. ಉಳಿದದ್ದರ ಬಗ್ಗೆ ನಿರ್ಧಾರ ಮಾಡುವುದು ಆಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ, ಹಿಂದುಮುಂದು ಮಾಡಬೇಡಿ.

ಮೊದಲು ಹೊಂದಿಸಿಕೊಳ್ಳಬೇಕಾದದ್ದು

ನಾಲ್ಕು ಗೋಣಿಚೀಲ ಅಥವಾ ದೊಡ್ಡ ರಟ್ಟಿನ ಪೆಟ್ಟಿಗೆ, ದಪ್ಪ ಮಾರ್ಕರ್, ಕಾಗದದ ಟೇಪು, ಟಾರ್ಚು, ಮಾಸ್ಕು, ರಬ್ಬರ್ ಕೈಗವಸು, ಗಟ್ಟಿ ಏಣಿ, ಒಂದು ನೋಟ್‌ಬುಕ್, ಒಂದು ಹಳೆಯ ದೊಡ್ಡ ಬೆಡ್‌ಶೀಟು. ಲಗೇಜು ತೂಗುವ ಸಣ್ಣ ಕೈತಕ್ಕಡಿ ಇದ್ದರೆ ಗುಜರಿಯವರಿಗೆ ಕೊಡುವ ಮೊದಲು ತೂಕ ನೋಡಿಕೊಳ್ಳಲು ಅನುಕೂಲ.

ಬೆಡ್‌ಶೀಟು ಯಾಕೆಂದರೆ, ಸಾಮಾನು ಸುರಿಯುವ ಜಾಗ ಅದೊಂದೇ ಆಗಿರಬೇಕು. ಹಜಾರದ ನೆಲದ ಮೇಲೆ ಹಾಸಿ, ಒಂದು ಗೂಡಿನ ಸಾಮಾನನ್ನು ಮಾತ್ರ ಅದರ ಮೇಲೆ ಹರಡಿ. ನಡುವೆ ನೆಂಟರು ಬಂದರೆ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ ಬದಿಗಿಡಬಹುದು. ಮಂಚದ ಮೇಲೆ ಹರಡಿದರೆ ರಾತ್ರಿ ಸೋಲುವುದು ಖಚಿತ.

ಪ್ಲಾಸ್ಟಿಕ್ ಡಬ್ಬಗಳನ್ನು, ಬುಟ್ಟಿಗಳನ್ನು ಈಗಲೇ ಕೊಳ್ಳಬೇಡಿ. ಏನು ಉಳಿಯುತ್ತದೆ ಎಂದು ತಿಳಿಯುವ ಮೊದಲೇ ಡಬ್ಬ ತಂದರೆ, ಆ ಡಬ್ಬ ತುಂಬಿಸಲಿಕ್ಕಾಗಿಯೇ ಸಾಮಾನು ಉಳಿಯುತ್ತದೆ.

ಹಂತ 1: ಕಾಲ ಮತ್ತು ಅಳತೆ

ಹಬ್ಬದ ಹಿಂದಿನ ದಿನ ಈ ಕೆಲಸಕ್ಕೆ ಇಳಿಯಬೇಡಿ. ಯುಗಾದಿಗೋ ದಸರೆಗೋ ಮನೆ ಹಗುರವಾಗಿರಬೇಕೆಂದರೆ ನಾಲ್ಕೈದು ವಾರ ಮೊದಲೇ ಶುರು ಮಾಡಿ. ಮಲೆನಾಡು, ಕರಾವಳಿಯವರು ಮಳೆಗಾಲವನ್ನು ಪೂರ್ತಿ ಬಿಟ್ಟುಬಿಡಿ. ತೇವದ ಗಾಳಿಯಲ್ಲಿ ಬಿಚ್ಚಿ ಮತ್ತೆ ಮಡಚಿಟ್ಟ ಬಟ್ಟೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ದೀಪಾವಳಿ ಕಳೆದ ಮೇಲಿನ ಒಣ ಹವೆ ಒಳ್ಳೆಯದು.

ಒಂದು ಸಲಕ್ಕೆ ಎರಡು ಗಂಟೆ, ಒಂದು ಗೂಡು. ಒಂದು ಕೋಣೆಯಲ್ಲ, ಒಂದು ಬೀರು ಕೂಡ ಅಲ್ಲ. ಎರಡು ಗಂಟೆಯಲ್ಲಿ ಕೊನೆಯ ಅರ್ಧ ಗಂಟೆ ಚೀಲಗಳನ್ನು ಕಟ್ಟಿ ಬಾಗಿಲ ಬಳಿ ಇಡುವುದಕ್ಕೆ, ಗೂಡನ್ನು ಒರೆಸಿ ಜೋಡಿಸುವುದಕ್ಕೆ ಮೀಸಲು.

ಹಂತ 2: ಇಷ್ಟದ ವಸ್ತುಗಳನ್ನು ಮೊದಲು ಆರಿಸಿ

ಯಾವ ಗೂಡಿಗೂ ಕೈ ಹಾಕುವ ಮೊದಲು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಮನೆಯ ಪ್ರತಿಯೊಬ್ಬರೂ, ಮಕ್ಕಳೂ ಸೇರಿ, ತಮಗೆ ಇಷ್ಟವಾದ ಇಪ್ಪತ್ತು ವಸ್ತುಗಳನ್ನು ನೋಡದೆ ಬರೆಯಲಿ. ನೋಡದೆ ಎಂಬುದು ಮುಖ್ಯ. ಎದ್ದು ಹೋಗಿ ನೋಡಿ ಬರೆದದ್ದು ಮನೆಯ ಸಾಮಾನು ಪಟ್ಟಿಯಾಗುತ್ತದೆ. ನೆನಪಿಗೆ ತಾನಾಗಿ ಬಂದದ್ದೇ ಇಷ್ಟದ್ದು.

ಪಟ್ಟಿ ಮುಗಿದ ಮೇಲೆ ಆ ವಸ್ತುಗಳು ಈಗ ಎಲ್ಲಿವೆ ಎಂದು ಪಕ್ಕದಲ್ಲಿ ಬರೆಯಿರಿ. ಇಲ್ಲೇ ವಿಷಯ ಬಯಲಾಗುವುದು. ಹಿತ್ತಾಳೆ ಫಿಲ್ಟರು ಅಟ್ಟದಲ್ಲಿ, ಶ್ರುತಿಪೆಟ್ಟಿಗೆ ಮಂಚದ ಕೆಳಗೆ, ಮೆಚ್ಚಿನ ಇಳಕಲ್ ಸೀರೆ ಬೀರುವಿನ ತಳದಲ್ಲಿ. ಕೈಗೆಟುಕುವ ಎತ್ತರದಲ್ಲಿ ಮಾತ್ರ ಯಾವುದೋ ಗೃಹಪ್ರವೇಶದಲ್ಲಿ ಕೊಟ್ಟ ಸ್ಟೀಲ್ ಡಬ್ಬಿಗಳ ಸಾಲು! ಇಷ್ಟವಿಲ್ಲದ್ದು ಮುಂದೆ ಕುಳಿತು ಇಷ್ಟದ್ದನ್ನು ಹಿಂದಕ್ಕೆ ತಳ್ಳಿರುವುದೇ ಹೆಚ್ಚಿನ ಮನೆಗಳ ನಿಜವಾದ ತೊಂದರೆ.

ಪಟ್ಟಿಯಲ್ಲಿರುವುದನ್ನು ಅದೇ ವಾರ ಹೊರತೆಗೆಯಿರಿ. ಫಿಲ್ಟರನ್ನು ಹುಣಸೆಹಣ್ಣು ಹಚ್ಚಿ ಬೆಳಗಿ. ಒಳಗಿನ ಕಲಾಯಿ ಹೋಗಿದ್ದರೆ ಕಲಾಯಿ ಹಾಕಿಸಿದ ಮೇಲೆಯೇ ಬಳಸಿ. ಅದು ಒಲೆಯ ಪಕ್ಕಕ್ಕೆ ಬರಬೇಕಾದರೆ ಅಲ್ಲಿರುವ ಯಾವುದೋ ಒಂದು ಜಾಗ ಬಿಡಬೇಕು. ಮೊದಲ ಚೀಲಕ್ಕೆ ಬೀಳುವುದು ಹಾಗೆ ಜಾಗ ಬಿಟ್ಟ ವಸ್ತು. ಕೊಡುವಾಗ ಕೈ ನಡುಗುವುದಿಲ್ಲ, ಏಕೆಂದರೆ ಅದಕ್ಕೆ ಬದಲಾಗಿ ಏನು ಬಂತು ಎಂಬುದು ಕಣ್ಣೆದುರೇ ಇರುತ್ತದೆ.

ಹಂತ 3: ಅಡುಗೆಮನೆ

ಭಾವನೆ ಕಡಿಮೆ, ನಿರ್ಧಾರ ಸುಲಭ. ಅಭ್ಯಾಸಕ್ಕೆ ಇದೇ ಸರಿಯಾದ ಜಾಗ. ಮುಚ್ಚಳವಿಲ್ಲದ ಡಬ್ಬ, ಡಬ್ಬವಿಲ್ಲದ ಮುಚ್ಚಳ, ಕೆಟ್ಟುಹೋದ ಮಿಕ್ಸಿಯ ಜಾರು, ಹಿಗ್ಗಿದ ಕುಕ್ಕರ್ ಗ್ಯಾಸ್ಕೆಟ್, ಲೇಪ ಎದ್ದುಬಂದ ನಾನ್‌ಸ್ಟಿಕ್ ತವಾ, ಐಸ್‌ಕ್ರೀಮ್ ಡಬ್ಬಿ, ಮಡಚಿಟ್ಟ ಪ್ಲಾಸ್ಟಿಕ್ ಕವರಿನ ರಾಶಿ, ಇವಕ್ಕೆ ಯೋಚನೆ ಬೇಡ.

ಎರಡು ಎಚ್ಚರಿಕೆ. ಸಾಸಿವೆ ಡಬ್ಬಿ, ಬೇಳೆ ಡಬ್ಬಿಗಳನ್ನು ಹೊರಗೆ ಕಳಿಸುವ ಮೊದಲು ತಳದವರೆಗೆ ಖಾಲಿ ಮಾಡಿ ನೋಡಿ. ಹಿರಿಯರು ಹಣ ಬಚ್ಚಿಡುತ್ತಿದ್ದ ಜಾಗ ಅದು. ಎರಡನೆಯದು, ಹಳೆಯ ಕಬ್ಬಿಣದ ದೋಸೆ ಹಂಚು ತುಕ್ಕು ಹಿಡಿದಿದೆ ಎಂದು ಎಸೆಯಬೇಡಿ. ಉಜ್ಜಿ ತೊಳೆದು, ಕಾಯಿಸಿ, ಎಣ್ಣೆ ಸವರಿ ಕೆಲವು ಸಲ ಪಳಗಿಸಿದರೆ ಅಂಗಡಿಯಿಂದ ತಂದ ಹೊಸದಕ್ಕಿಂತ ಚೆನ್ನಾಗಿ ದೋಸೆ ಏಳುತ್ತದೆ.

ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ, ಸ್ಟೀಲ್ ಪಾತ್ರೆಗಳನ್ನು ಬೇರೆ ಬೇರೆ ಕಟ್ಟಿಡಿ. ಒಂದೇ ಚೀಲದಲ್ಲಿ ಹಾಕಿದರೆ ಎಲ್ಲವೂ ಅಗ್ಗದ ಲೋಹದ ದರಕ್ಕೇ ಹೋಗುತ್ತದೆ. ಪಾತ್ರೆ ಅಂಗಡಿಗಳಲ್ಲಿ ಹಳೆಯದನ್ನು ಕೊಟ್ಟು ಹೊಸದು ಕೊಳ್ಳುವ ಪದ್ಧತಿಯುಂಟು, ಆದರೆ ಈಗ ಹಣವನ್ನೇ ಪಡೆಯಿರಿ. ಪಾತ್ರೆಗೆ ಪಾತ್ರೆ ತಂದರೆ ಗೂಡು ಮತ್ತೆ ತುಂಬುತ್ತದೆ.

ಹಂತ 4: ಬಟ್ಟೆ, ಅದರಲ್ಲೂ ಸೀರೆ

ದಿನಬಳಕೆಯ ಬಟ್ಟೆಯನ್ನು ಮೊದಲು ಮುಗಿಸಿ. ತೊಟ್ಟು ನೋಡದೆ ನಿರ್ಧರಿಸಬೇಡಿ. ಅಳತೆ ಕೈಗೆ ತಿಳಿಯುವುದಿಲ್ಲ. ಸವೆದ ಹತ್ತಿ ಪಂಚೆಯಲ್ಲಿ ಒಂದೆರಡನ್ನು ಮಸಿಬಟ್ಟೆಗೆ ಉಳಿಸಿ. ಎಲ್ಲ ಹಳೆಯ ಬಟ್ಟೆಯೂ ಮಸಿಬಟ್ಟೆಯಾಗುವುದು ಬೇಡ.

ರೇಷ್ಮೆ ಸೀರೆಗಳಿಗೆ ಒಂದು ಪೂರ್ತಿ ಸರದಿ ಕೊಡಿ. ಹಾಸಿದ ಬೆಡ್‌ಶೀಟಿನ ಮೇಲೆ ಒಂದೊಂದನ್ನೇ ಬಿಡಿಸಿ, ಮಡಿಕೆ ಬಿದ್ದ ಗೆರೆಯ ಮೇಲೆ ಬೆರಳಾಡಿಸಿ. ಅಲ್ಲಿ ನೂಲು ಸೀಳಿದಂತೆ, ಜರಿ ಮುರಿದಂತೆ ಕೈಗೆ ತಟ್ಟಿದರೆ ಆ ಸೀರೆ ಬಹಳ ಕಾಲ ಒಂದೇ ಮಡಿಕೆಯಲ್ಲಿ ಕುಳಿತಿದೆ ಎಂದರ್ಥ. ಉಳಿಸಿಕೊಳ್ಳುವುದಾದರೆ ಮಡಿಕೆಯ ಗೆರೆ ಬದಲಿಸಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಅದರ ಬದಲು ಬಜೆ ಬೇರನ್ನೋ ಒಣಗಿದ ಬೇವಿನ ಎಲೆಯನ್ನೋ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಗಾಳಿಗೆ ಹಾಕುವುದು ನೆರಳಿನಲ್ಲಿ, ಬಿಸಿಲಿನಲ್ಲಿ ಅಲ್ಲ. ಮೂರು ತಿಂಗಳಿಗೊಮ್ಮೆ ಇಷ್ಟೆಲ್ಲ ಮಾಡಬೇಕು. ಎಷ್ಟು ಸೀರೆಗೆ ಇದನ್ನು ಮಾಡಲು ನಿಮಗೆ ಮನಸ್ಸಿದೆಯೋ ಅಷ್ಟೇ ಸೀರೆ ನಿಮ್ಮವು.

ಉಳಿದವಕ್ಕೆ ದಾರಿಗಳಿವೆ. ಉಡುವ ಸ್ಥಿತಿಯಲ್ಲಿರುವುದನ್ನು ಮನೆಯ ಹುಡುಗಿಯರಿಗೆ ಈಗಲೇ ಕೊಡಿ, ಮದುವೆಯ ದಿನಕ್ಕೆ ಕಾಯಬೇಡಿ. ಮೈ ಹರಿದು ಅಂಚು ಚೆನ್ನಾಗಿದ್ದರೆ ಅಂಚು ಸೆರಗುಗಳನ್ನು ಬಿಡಿಸಿ ಬೇರೆ ಬಟ್ಟೆಗೆ ಹೊಲಿಸಬಹುದು. ಹಳೆಯ ಅಸಲಿ ಜರಿಯ ಸೀರೆಗೆ ಬೆಳ್ಳಿಯ ಲೆಕ್ಕದಲ್ಲಿ ಬೆಲೆಯುಂಟು. ಮನೆ ಬಾಗಿಲಿಗೆ ಬಂದವರು ಹೇಳಿದ ಮೊದಲ ಬೆಲೆಗೆ ಕೊಡದೆ ಪೇಟೆಯಲ್ಲಿ ಎರಡು ಮೂರು ಕಡೆ ತೋರಿಸಿ. ಹತ್ತಿ ಸೀರೆಗಳ ಭಾಗ್ಯ ಇನ್ನೂ ದೊಡ್ಡದು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿಗಿಂತ ಒಳ್ಳೆಯ ಮರುಬಳಕೆ ನನಗೆ ಗೊತ್ತಿಲ್ಲ. ಅಮ್ಮನ ನಾಲ್ಕಾರು ಸೀರೆಗಳು ಒಂದು ಕೌದಿಯಾಗಿ ಪ್ರತಿ ರಾತ್ರಿ ಮೈಮೇಲಿರುತ್ತವೆ.

ತಾಂಬೂಲದಲ್ಲಿ ಬಂದ ರವಿಕೆ ಕಣಗಳು ಇನ್ನೊಂದು ರಾಶಿ. ಹಬ್ಬಕ್ಕೆ ಕೊಡಲು ಹತ್ತು ಒಳ್ಳೆಯದನ್ನು ಇಟ್ಟುಕೊಳ್ಳಿ. ಉಳಿದದ್ದರಿಂದ ಸಂತೆಚೀಲ ಹೊಲಿಸಿ.

ಹಂತ 5: ಕಾಗದಪತ್ರ ಮತ್ತು ಔಷಧಿ

ಇಲ್ಲಿ ಆತುರ ಮಾಡಿದರೆ ನಷ್ಟ ನಿಜವಾದದ್ದು. ಎಸೆಯುವುದಕ್ಕಿಂತ ಮೊದಲು ಮೂರು ಕಡತ ಮಾಡಿ.

ಮೊದಲನೆಯದು ಎಂದಿಗೂ ಬಿಡಬಾರದ್ದು: ಕ್ರಯಪತ್ರ, ಖಾತಾ, ಮನೆ ತೆರಿಗೆ ರಸೀದಿಗಳು, ಜನನ-ಮರಣ-ವಿವಾಹ ಪ್ರಮಾಣಪತ್ರಗಳು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಮಾ ಪಾಲಿಸಿ, ಒಡವೆ ಕೊಂಡ ಬಿಲ್ಲು, ಗ್ಯಾಸ್ ಸಂಪರ್ಕ ಪಡೆದಾಗ ಕೊಟ್ಟ ಠೇವಣಿ ಪತ್ರ. ಹಳೆಯ ಕಂಪನಿಗಳ ಷೇರು ಪತ್ರ ಸಿಕ್ಕಿದರೆ ಕಂಪನಿ ಮುಚ್ಚಿದೆ ಎಂದು ಊಹಿಸಿ ಹರಿಯಬೇಡಿ. ಅದು ಬೇರೆ ಹೆಸರಿನಲ್ಲಿ ಬದುಕಿರಬಹುದು.

ಎರಡನೆಯದು ಅವಧಿ ಇರುವುದು: ಆದಾಯ ತೆರಿಗೆಯ ಕಾಗದಗಳನ್ನು ಎಂಟು ವರ್ಷ ಇಟ್ಟರೆ ನೆಮ್ಮದಿ. ವಿದ್ಯುತ್, ನೀರಿನ ಬಿಲ್ಲು ಒಂದು ವರ್ಷದ್ದು ಸಾಕು. ವಾರಂಟಿ ಮುಗಿದ ಸಾಮಾನಿನ ಕಾರ್ಡು ಇವತ್ತೇ ಹೋಗಲಿ.

ಮೂರನೆಯದು ಹರಿದು ಹಾಕಬೇಕಾದ್ದು. ಆಧಾರ್, ಪ್ಯಾನ್ ಜೆರಾಕ್ಸ್ ಪ್ರತಿ, ಬ್ಯಾಂಕಿನ ಹಳೆಯ ವಿವರ, ರದ್ದಾದ ಚೆಕ್ಕುಗಳನ್ನು ಇಡಿಯಾಗಿ ಹಳೆ ಪೇಪರ್ ಅಂಗಡಿಗೆ ಹಾಕಬೇಡಿ. ಸಂಖ್ಯೆ ಮತ್ತು ಸಹಿ ಇರುವ ಭಾಗವನ್ನು ಚೂರು ಮಾಡಿ, ನೀರಿನಲ್ಲಿ ನೆನೆಸಿ ಮುದ್ದೆ ಮಾಡಿದರೆ ಪೂರ್ತಿ ಸುರಕ್ಷಿತ.

ಕಡತಗಳ ನಡುವೆ ನೋಟು ಸಿಗುವುದು ಸಾಮಾನ್ಯ. ₹2000ರ ನೋಟನ್ನು 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ಹಿಂಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಹೇಳಿತು, ಆದರೆ ಅದರ ಮಾನ್ಯತೆಯನ್ನು ಆಗ ರದ್ದು ಮಾಡಲಿಲ್ಲ. ಮಾಮೂಲಿ ಬ್ಯಾಂಕಿನಲ್ಲಿ ಬದಲಿಸುವ ಅವಧಿ ಮುಗಿದ ಮೇಲೆ ರಿಸರ್ವ್ ಬ್ಯಾಂಕಿನ ನಿಗದಿತ ಕಚೇರಿಗಳಲ್ಲಿ ಅವಕಾಶ ಕೊಟ್ಟಿತು. ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿ ಅವುಗಳಲ್ಲೊಂದು. 2016ರಲ್ಲಿ ರದ್ದಾದ ₹500, ₹1000ರ ನೋಟುಗಳಿಗೆ ಬೆಲೆಯಿಲ್ಲ, ಮೇಲಾಗಿ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾನೂನಿನ ಪ್ರಕಾರ ದಂಡಾರ್ಹ.

ಅವಧಿ ಮೀರಿದ ಔಷಧಿ, ಒಡೆದ ಪಾದರಸದ ಥರ್ಮಾಮೀಟರ್, ಸಿ.ಎಫ್.ಎಲ್. ಬಲ್ಬು, ಬಣ್ಣದ ಡಬ್ಬಿ, ಬ್ಯಾಟರಿಗಳನ್ನು 2016ರ ಘನ ತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯ ಎಂದೇ ಗುರುತಿಸಿದ್ದವು. ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಪ್ರತ್ಯೇಕ ಕಟ್ಟಿ, ಮೇಲೆ ಬರೆದು ಕೊಡಿ. ಪೌರಕಾರ್ಮಿಕರು ಬರಿಗೈಯಲ್ಲಿ ವಿಂಗಡಿಸುವ ವಸ್ತುಗಳಿವು.

ಹಂತ 6: ಪುಸ್ತಕ

ಪ್ರತಿ ಪುಸ್ತಕವನ್ನೂ ತಲೆಕೆಳಗು ಹಿಡಿದು ಕೊಡವಿ; ಪತ್ರ, ಫೋಟೋ, ಹಣ ಉದುರಬಹುದು. ಬೂಷ್ಟು ಹಿಡಿದದ್ದನ್ನು ಮೊದಲೇ ಬೇರೆ ಮಾಡಿ, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ, ಮೃದು ಕುಂಚದಿಂದ ಉದುರಿಸಿದ ಮೇಲಷ್ಟೇ ಉಳಿದವುಗಳ ಜೊತೆ ಸೇರಿಸಿ.

ಓದದ ಪುಸ್ತಕವನ್ನೆಲ್ಲ ಕೊಟ್ಟುಬಿಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಓದುವ ಆಸೆ ಇನ್ನೂ ಹಸಿಯಾಗಿದ್ದರೆ ಪುಸ್ತಕ ಇರಲಿ. ಹಳೆಯ ಪಠ್ಯಕ್ರಮದ ಗೈಡು, ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ, ಎರಡೆರಡು ಪ್ರತಿ ಇರುವುದು ಹೋಗಲಿ. ದೀಪಾವಳಿ ವಿಶೇಷಾಂಕಗಳ ಕಟ್ಟಿನಲ್ಲಿ ನೀವು ಮತ್ತೆ ತೆರೆಯುವ ಸಂಚಿಕೆ ಯಾವುದೆಂದು ನಿಮಗೇ ಗೊತ್ತಿರುತ್ತದೆ. ಗ್ರಂಥಾಲಯಕ್ಕೆ ಕೊಡುವುದಾದರೆ ಮೊದಲು ಪಟ್ಟಿ ತೋರಿಸಿ, ಅವರು ಬೇಕೆಂದದ್ದನ್ನು ಮಾತ್ರ ಒಯ್ಯಿರಿ.

ಹಂತ 7: ನೆನಪಿನ ವಸ್ತುಗಳು

ಇಷ್ಟು ಹಂತ ದಾಟಿದ ಮೇಲೆ ಕೈ ಪಳಗಿರುತ್ತದೆ. ಆಲ್ಬಮ್ಮಿಗೆ ಈಗ ಬನ್ನಿ.

ಮೊದಲ ನಿಯಮ: ಇನ್ನೊಬ್ಬರ ಟ್ರಂಕನ್ನು ಅವರಿಲ್ಲದಾಗ ತೆರೆಯಬಾರದು. ಅತ್ತೆಯವರದಾಗಲಿ, ಹಾಸ್ಟೆಲಿನಲ್ಲಿರುವ ಮಗನದಾಗಲಿ, ಒಂದು ಸಲ ಕೇಳದೆ ಎಸೆದರೆ ಆಮೇಲೆ ಅವರು ಹರಿದ ಚೀಲವನ್ನೂ ಬಿಟ್ಟುಕೊಡುವುದಿಲ್ಲ. ಹಿರಿಯರ ಹತ್ತಿರ ಕುಳಿತಾಗ ‘ಇದನ್ನು ಬಿಸಾಡಲೇ?’ ಎಂದು ಕೇಳಬೇಡಿ. ‘ಅಮ್ಮಾ, ಇದು ಯಾರು ಕೊಟ್ಟದ್ದು?’ ಎಂದು ಕೇಳಿ. ಕಥೆ ಹೇಳಿ ಮುಗಿಸಿದ ಮೇಲೆ ಅವರೇ ಎಷ್ಟೋ ಸಲ ‘ಯಾರಿಗಾದರೂ ಆಗುವುದಾದರೆ ಕೊಟ್ಟುಬಿಡು’ ಎನ್ನುತ್ತಾರೆ. ಆ ಕಥೆಯನ್ನು ಮೊಬೈಲಿನಲ್ಲಿ ಅವರದೇ ದನಿಯಲ್ಲಿ ಹಿಡಿದಿಟ್ಟುಕೊಳ್ಳಿ.

ಎರಡನೆಯ ನಿಯಮ: ಒಬ್ಬರಿಗೆ ಒಂದು ಪೆಟ್ಟಿಗೆ. ಪೆಟ್ಟಿಗೆ ತುಂಬಿದ ಮೇಲೆ ಹೊಸದು ಸೇರಬೇಕಾದರೆ ಹಳೆಯದೊಂದು ಏಳಬೇಕು. ಇಡೀ ಸೆಟ್ಟಿನ ಬದಲು ಒಂದನ್ನು ಉಳಿಸುವ ಉಪಾಯ ಇಲ್ಲಿ ಬಹಳ ಸಹಾಯಕ. ಅಜ್ಜನ ಹನ್ನೆರಡು ಲೋಟದಲ್ಲಿ ಅವರು ಕುಡಿಯುತ್ತಿದ್ದ ಒಂದು, ಮಗುವಿನ ಮೂವತ್ತು ಅಂಗಿಯಲ್ಲಿ ನಾಮಕರಣದ್ದು ಒಂದು.

ಸನ್ಮಾನದ ಶಾಲು, ಫಲಕ, ಪೇಟಗಳಿಂದ ತುಂಬಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಲ್ಲ ಫಲಕಗಳನ್ನೂ ಸಾಲಾಗಿ ನಿಲ್ಲಿಸಿ ಒಂದೊಂದರ ಫೋಟೋ ತೆಗೆಯಿರಿ, ಸನ್ಮಾನಿತರಿಗೆ ಪ್ರಿಯವಾದ ಎರಡು ಮೂರನ್ನು ಹಜಾರದಲ್ಲಿ ಎದ್ದು ಕಾಣುವಂತೆ ಇಡಿ. ಶಾಲುಗಳನ್ನು ಒಗೆದು ಚಳಿಗಾಲಕ್ಕೆ ಮೊದಲು ವೃದ್ಧಾಶ್ರಮಕ್ಕೆ, ಕೇಳಿಕೊಂಡು ಕೊಡಿ.

ಅಂಟಿನ ಹಾಳೆಯ ಆಲ್ಬಮ್ಮುಗಳಲ್ಲಿರುವ ಫೋಟೋಗಳು ಹಳದಿಯಾಗುತ್ತವೆ. ಬಿಡಿಸುವ ಮೊದಲು ಆ ಪುಟವನ್ನೇ ಒಮ್ಮೆ ಸ್ಕ್ಯಾನ್ ಮಾಡಿ. ಬಿಡಿಸುವಾಗ ಹರಿದರೂ ಚಿತ್ರ ಉಳಿಯುತ್ತದೆ. ಹಿಂಭಾಗದಲ್ಲಿ ಮೃದು ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ, ಹೆಸರು ಗೊತ್ತಿರುವವರು ಮನೆಯಲ್ಲಿರುವಾಗಲೇ. ಕ್ಯಾಸೆಟ್ಟುಗಳಲ್ಲಿ ಮನೆಯವರ ದನಿ ಇರುವುದನ್ನು ಮಾತ್ರ ಡಿಜಿಟಲ್‌ಗೆ ಬದಲಿಸಿ. ಸಿನಿಮಾ ಹಾಡಿನ ಕ್ಯಾಸೆಟ್ಟು ಎಲ್ಲರ ಬಳಿಯೂ ಇದ್ದದ್ದೇ.

ಹಂತ 8: ಅಟ್ಟ

ಅಟ್ಟವನ್ನು ಕೊನೆಗೆ ಇಡುವುದಕ್ಕೆ ಕಾರಣವಿದೆ. ಕೆಳಗಿನ ಗೂಡುಗಳು ಸಡಿಲವಾದ ಮೇಲೆ ಅಟ್ಟದಿಂದ ಇಳಿಯಬೇಕಾದ ಒಳ್ಳೆಯ ವಸ್ತುವಿಗೆ ಜಾಗ ಸಿಗುತ್ತದೆ.

ಏಣಿಯನ್ನು ಒಬ್ಬರು ಹಿಡಿದಿರಲಿ. ಟಾರ್ಚಿನ ಬೆಳಕು ಹಾಯಿಸಿ ನೋಡದೆ ಕತ್ತಲೆಯೊಳಗೆ ಕೈ ಹಾಕಬೇಡಿ, ಚೇಳು ಇರಬಹುದು. ಇಲಿ ಹಿಕ್ಕೆ ಕಂಡರೆ ಒಣ ಪೊರಕೆಯಲ್ಲಿ ಗುಡಿಸಬಾರದು. ಸೋಂಕುನಾಶಕ ಸಿಂಪಡಿಸಿ ನೆನೆಸಿ, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ. ಗೋಡೆಯಲ್ಲಿ ಮಣ್ಣಿನ ಗೆರೆ ಮೇಲಕ್ಕೆ ಹತ್ತಿದ್ದರೆ ಗೆದ್ದಲು. ಅದಕ್ಕೆ ಪರಿಹಾರವಾಗುವವರೆಗೆ ರಟ್ಟಿನ ಪೆಟ್ಟಿಗೆ, ಪುಸ್ತಕ, ಮರದ ಸಾಮಾನು ಅಲ್ಲಿಗೆ ಮರಳಬಾರದು.

ವರ್ಷಕ್ಕೆ ಒಮ್ಮೆಯಾದರೂ ಕೆಳಗಿಳಿಯುವ ವಸ್ತುವಿಗೆ ಮಾತ್ರ ಅಟ್ಟದಲ್ಲಿ ಹಕ್ಕು. ದಸರೆಯ ಗೊಂಬೆಗಳು, ಹಬ್ಬದ ದೊಡ್ಡ ಪಾತ್ರೆ, ಪ್ರಯಾಣದ ಸೂಟ್‌ಕೇಸು. ಪಟ್ಟದ ಗೊಂಬೆಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ಮುಂಭಾಗದಲ್ಲಿ ದೊಡ್ಡದಾಗಿ ಹೆಸರು ಬರೆದು, ಏಣಿಗೆ ಹತ್ತಿರವಾಗುವಂತೆ ಇಡಿ. ಪೆಟ್ಟಿಗೆಯ ಮೇಲ್ಮುಖದಲ್ಲಿ ಬರೆದದ್ದು ಕೆಳಗೆ ನಿಂತವರಿಗೆ ಕಾಣುವುದಿಲ್ಲ.

ಹಂತ 9: ಹೊರಗೆ ಕಳಿಸುವುದು

ಅರ್ಧಕ್ಕರ್ಧ ಶ್ರಮ ವ್ಯರ್ಥವಾಗುವುದು ಈ ಕೊನೆಯ ಹೆಜ್ಜೆಯಲ್ಲಿ. ಚೀಲಗಳು ಬಾಗಿಲ ಬಳಿ ಒಂದು ವಾರ ಕುಳಿತರೆ ಅರ್ಧ ಸಾಮಾನು ವಾಪಸ್ಸಾಗುತ್ತದೆ. ಕೆಲಸಕ್ಕೆ ಕೂರುವ ಮೊದಲೇ ಗುಜರಿಯವರಿಗೆ ಬರಲು ಹೇಳಿರಿ.

ದಾನಕ್ಕೆ ಹೋಗುವುದು ನೀವೇ ನೆಂಟರಿಗೆ ಕೊಡಬಹುದಾದ ಸ್ಥಿತಿಯಲ್ಲಿರಬೇಕು: ಒಗೆದದ್ದು, ಗುಂಡಿ ಇರುವುದು, ಇಸ್ತ್ರಿ ಮಾಡಿದ್ದು. ಹರಿದದ್ದನ್ನು ಅನಾಥಾಶ್ರಮಕ್ಕೆ ಕೊಟ್ಟರೆ ಅದನ್ನು ಎಸೆಯುವ ಕೆಲಸವನ್ನು ಅವರ ತಲೆಗೆ ಕಟ್ಟಿದಂತೆ.

ಹಳೆಯ ಮೊಬೈಲು, ಲ್ಯಾಪ್‌ಟಾಪುಗಳಿಂದ ಸಿಮ್, ಮೆಮೊರಿ ಕಾರ್ಡು ತೆಗೆದು, ಖಾತೆಗಳಿಂದ ಹೊರಬಂದು, ಒಳಗಿರುವುದನ್ನು ಪೂರ್ತಿ ಅಳಿಸಿ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಬಟ್ಟೆಯ ಬೀರುವಿನಲ್ಲಿ ಒಂದು ದಿನವೂ ಇಡಬೇಡಿ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ದೇವರ ಹಳೆಯ ಪಟಗಳನ್ನು ಎಸೆಯಲು ಮನಸ್ಸು ಒಪ್ಪದೆ ಅರಳಿಕಟ್ಟೆಯಲ್ಲಿ ಇಟ್ಟು ಬರುತ್ತೇವೆ. ಅಲ್ಲಿ ಗಾಜು ಒಡೆದು ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುವವರಿಗೆ ಚುಚ್ಚುತ್ತದೆ. ಮನೆಯಲ್ಲೇ ನಮಸ್ಕರಿಸಿ ಕಟ್ಟು ಬಿಚ್ಚಿ. ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ‘ಗಾಜು’ ಎಂದು ಬರೆದು ಒಣ ಕಸಕ್ಕೆ, ಮರದ ಕಟ್ಟನ್ನು ಮರುಬಳಕೆಗೆ ಕೊಡಿ. ಸಾದಾ ಕಾಗದವಾದರೆ ಬಕೆಟ್ ನೀರಿನಲ್ಲಿ ಕರಗುವವರೆಗೆ ನೆನೆಸಿ ಗಿಡದ ಬುಡಕ್ಕೆ ಹಾಕಿ. ಲ್ಯಾಮಿನೇಷನ್ ಆದದ್ದು ಕರಗುವುದಿಲ್ಲ, ಅದು ಒಣ ಕಸಕ್ಕೇ.

ಏನು ಮಾಡಿದರೂ ತೀರ್ಮಾನವಾಗದ ವಸ್ತುಗಳು ಒಂದಿಷ್ಟು ಉಳಿಯುತ್ತವೆ. ಅವನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಒಳಗಿರುವುದರ ಪಟ್ಟಿಯನ್ನೂ ಆರು ತಿಂಗಳ ಮುಂದಿನ ತಾರೀಖನ್ನೂ ಮೇಲೆ ಅಂಟಿಸಿ. ಆ ತಾರೀಖಿನೊಳಗೆ ಹುಡುಕಿಕೊಂಡು ಹೋಗದೆ ಇದ್ದರೆ ಬಿಚ್ಚದೆ ಕೊಟ್ಟುಬಿಡಿ.

ದಾರಿ ತಪ್ಪುತ್ತಿದೆ ಎನ್ನುವ ಸೂಚನೆಗಳು

ಸಾಮಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಿದೆ, ಮನೆಯಿಂದ ಹೊರಗೆ ಹೋಗುತ್ತಿಲ್ಲ: ಕೆಲಸ ನಿಲ್ಲಿಸಿ, ಕಟ್ಟಿದ ಚೀಲಗಳನ್ನು ಮೊದಲು ಕಳಿಸಿ.

ಖಾಲಿಯಾದ ಗೂಡಿಗೆ ಅದೇ ವಾರ ಹೊಸ ಸಾಮಾನು ಬಂತು: ಇಷ್ಟದ ಪಟ್ಟಿಗೆ ಹಿಂತಿರುಗಿ, ಅದರಲ್ಲಿರುವ ಯಾವುದಾದರೂ ಅಲ್ಲಿಗೆ ಬರಬಹುದೇ ನೋಡಿ. ಖಾಲಿಯೇ ಇದ್ದರೂ ತೊಂದರೆಯಿಲ್ಲ.

ಚೀಲಕ್ಕೆ ಹಾಕಿದ್ದನ್ನು ಮನೆಯವರೊಬ್ಬರು ಸದ್ದಿಲ್ಲದೆ ಮತ್ತೆ ತೆಗೆದಿಡುತ್ತಿದ್ದಾರೆ: ನೀವು ವೇಗವಾಗಿ ಹೋಗುತ್ತಿದ್ದೀರಿ. ಅವರ ವಸ್ತುಗಳನ್ನು ಬಿಟ್ಟು ನಿಮ್ಮವನ್ನಷ್ಟೇ ಮುಂದುವರಿಸಿ. ನಿಮ್ಮ ಗೂಡು ಬಳಸಲು ಸಲೀಸಾದದ್ದು ಕಂಡಾಗ ಬಹಳ ಮಂದಿ ತಾವಾಗಿ ಬರುತ್ತಾರೆ.

ಕೊನೆಯ ಸೂಚನೆ ಇದು, ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಓಡಾಡುವ ದಾರಿಯೇ ಮುಚ್ಚಿಹೋಗಿದ್ದರೆ, ಹಳಸಿದ ಆಹಾರವನ್ನೋ ಬರೀ ಕಸವನ್ನೋ ಬಿಡಲಾಗದೆ ಒಬ್ಬರು ಒದ್ದಾಡುತ್ತಿದ್ದರೆ, ಒಂದು ಹಳೆಯ ಪತ್ರಿಕೆ ಎತ್ತಿದರೂ ನಡುಗಿ ಅಳುತ್ತಿದ್ದರೆ, ಅದು ಸೋಮಾರಿತನವಲ್ಲ, ಹಟವೂ ಅಲ್ಲ. ಚಿಕಿತ್ಸೆ ಇರುವ ಮಾನಸಿಕ ತೊಂದರೆ ಇರಬಹುದು. ಅವರು ಊರಿಗೆ ಹೋದಾಗ ಮನೆ ಖಾಲಿ ಮಾಡಿಬಿಡುವುದು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಉಚಿತವಾಗಿ ಮಾತನಾಡಬಹುದು. ಮನೋವೈದ್ಯರನ್ನು ಕಾಣುವವರೆಗೆ ಬಾಗಿಲು, ಒಲೆಯ ಸುತ್ತ, ಶೌಚಾಲಯಕ್ಕೆ ಹೋಗುವ ದಾರಿ, ಈ ಮೂರನ್ನು ಮಾತ್ರ ಅವರ ಒಪ್ಪಿಗೆಯಿಂದ ತೆರವಾಗಿಡಿ.